ಅಮ್ಮನನ್ನು ಎತ್ತಿ ಕೂರಿಸುವ ಕೈಗೆ ಸರ್ಕಾರದ ದುಡ್ಡು ಇದೆಯಾ?

ಕೊಬ್ಬರಿಸಂತೆ (ತಿಪಟೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಸಂಬಳ 19,000. ಯಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ. ಮಗ ಡಿಪ್ಲೊಮಾ ಓದುತ್ತಿದ್ದಾನೆ. ಅಮ್ಮನಿಗೆ ನಾನೊಬ್ಬಳೇ ಮಗಳು. ಅಪ್ಪ ಹೋದ ಮೇಲೆ ಹನ್ನೊಂದು ವರ್ಷ ಹಳ್ಳಿ ಮನೆಯಲ್ಲಿ ಒಬ್ಬಳೇ ಇದ್ದಳು. ಎರಡು ಕುರಿ, ಹದಿನಾಲ್ಕು ತೆಂಗಿನ ಮರ, ಒಂದು ರೇಡಿಯೋ. ನಮ್ಮ ಮನೆಗೆ ಬಾ ಅಂದರೆ 'ಕುರಿಗೆ ಯಾರು ಸೊಪ್ಪು ಹಾಕ್ತಾರೆ' ಅನ್ನುತ್ತಿದ್ದಳು.

ಕಳೆದ ಶ್ರಾವಣದಲ್ಲಿ ಬಚ್ಚಲ ಹೊಸ್ತಿಲು ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ವಯಸ್ಸು 78. ಆಪರೇಷನ್ ಬಿಪಿಎಲ್ ಕಾರ್ಡಿನಲ್ಲೇ ಆಯಿತು. ಅದರ ಬಗ್ಗೆ ಒಂದು ಮಾತೂ ಆಡುವ ಹಾಗಿಲ್ಲ. ರಾಡು, ಸ್ಕ್ರೂ, ಔಷಧಿ ಎಲ್ಲ ಅದರಲ್ಲೇ. ಆರನೇ ದಿನ ಡಿಸ್ಚಾರ್ಜ್ ಮಾಡಿ 'ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ' ಅಂದರು. ಸರ್ಕಾರದ ದುಡ್ಡು ಆಸ್ಪತ್ರೆ ಗೇಟಿನ ತನಕ ಜೊತೆಗೆ ಬಂತು. ಗೇಟು ದಾಟಿದ ಮೇಲೆ ನಾವೇ.

ಅಮ್ಮನಿಗೆ ಈಗ ಕಾಯಿಲೆ ಅಂತ ಏನೂ ಇಲ್ಲ, ಬಿಪಿ ಒಂದು ಬಿಟ್ಟರೆ. ಆದರೆ ಮಲಗಿದವಳು ಕೂರಲು ಒಬ್ಬರು ಬೇಕು, ಕೂತವಳು ಏಳಲು ಒಬ್ಬರು ಬೇಕು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ಆ ಒಬ್ಬರು ಮನೆಯಲ್ಲಿಲ್ಲ. ಊಟದ ಹೊತ್ತಿಗೆ ಸ್ಕೂಟಿಯಲ್ಲಿ ಓಡಿ ಬಂದು ಹೋಗುತ್ತೇನೆ. ಮೊದಲು ಗೊತ್ತಾಗಲಿಲ್ಲ, ಆಮೇಲೆ ಗಮನಿಸಿದೆ. ಬೆಳಿಗ್ಗೆ ತುಂಬಿಟ್ಟ ಚೊಂಬು ಮಧ್ಯಾಹ್ನಕ್ಕೂ ತುಂಬಿಯೇ ಇರುತ್ತದೆ. ನೀರು ಕುಡಿದರೆ ಬಚ್ಚಲಿಗೆ ಹೋಗಬೇಕಲ್ಲ, ಹೋಗಬೇಕಾದರೆ ನಾನು ಬರಬೇಕಲ್ಲ. ಅದಕ್ಕೇ ಕುಡಿಯುವುದನ್ನೇ ಬಿಟ್ಟಿದ್ದಾಳೆ. ಕೇಳಿದರೆ 'ಬಾಯಾರಿಕೆ ಆಗಲಿಲ್ಲ ಕಣೇ' ಅನ್ನುತ್ತಾಳೆ. ಏಪ್ರಿಲ್ ತಿಂಗಳಲ್ಲಿ!

ಉಚಿತ ವೃದ್ಧಾಶ್ರಮ ಒಂದಕ್ಕೆ ಕರೆದುಕೊಂಡು ಹೋಗಿದ್ದೆ. ನಾಚಿಕೆ ಆಗುತ್ತದೆ ಹೇಳಲು, ಆದರೂ ಹೋದೆ. ಅಲ್ಲಿನವರು ಒಳ್ಳೆಯವರೇ, ಕಾಫಿ ಕೊಟ್ಟರು. ಆಮೇಲೆ 'ಅಮ್ಮಾ, ಎದ್ದು ಆ ಬಾಗಿಲ ತನಕ ಹೋಗಿ ಬನ್ನಿ ನೋಡೋಣ' ಅಂದರು. ಅಮ್ಮ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟಳು. ಐದನೆಯದಕ್ಕೆ ನನ್ನ ಮುಖ ನೋಡಿದಳು. ಅರ್ಜಿಯಲ್ಲೇ ಬರೆದಿತ್ತು, 'ತಮ್ಮ ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ಶಕ್ತರಾಗಿರಬೇಕು' ಅಂತ. ಶಕ್ತಳಾಗಿದ್ದರೆ ನಾವು ಅಲ್ಲಿಗೆ ಯಾಕೆ ಹೋಗುತ್ತಿದ್ದೆವು ಹೇಳಿ.

ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಇರುವ ಕಡೆ ವಿಚಾರಿಸಿದೆ. ತಿಂಗಳಿಗೆ 38,000, ಡಯಾಪರ್ ಬೇರೆ, ಡೆಪಾಸಿಟ್ ಒಂದು ಲಕ್ಷ. ಫೋನಿನಲ್ಲಿ ಮಾತಾಡಿದ ಹುಡುಗಿ ತುಂಬಾ ಮರ್ಯಾದೆಯಿಂದ ಮಾತಾಡಿದಳು. ನಾನು ಸುಮ್ನೆ ಥ್ಯಾಂಕ್ಸ್ ಹೇಳಿ ಇಟ್ಟೆ. ಇಲ್ಲೇ ಹಗಲು ಹೊತ್ತು ಬರುವ ಒಬ್ಬ ಹೆಂಗಸು 15,000 ಕೇಳುತ್ತಾಳೆ. ಅವಳು ಕೇಳಿದ್ದು ಜಾಸ್ತಿ ಅಲ್ಲ. ನನ್ನ ಹತ್ತಿರ ಇಲ್ಲ, ಅಷ್ಟೇ.

ನಮ್ಮ ಬೀದಿಯಲ್ಲೇ ಇಂಥ ಮನೆ ಮೂರಿವೆ. ಮೂವರೂ ಸೇರಿ, ಮುಂದಿನ ಬಜೆಟ್ ಒಳಗೆ ಶಾಸಕರಿಗೆ ಒಂದು ಮನವಿ ಕೊಡೋಣ ಅಂದುಕೊಂಡಿದ್ದೇವೆ. ಏನು ಕೇಳಬೇಕು? ತಾಲ್ಲೂಕಿಗೊಂದು ವೃದ್ಧಾಶ್ರಮ ಅನ್ನುತ್ತಾರೆ ಪಕ್ಕದ ಮನೆಯವರು. ನನಗೆ ಯಾಕೋ ಅದು ಸರಿ ಅನ್ನಿಸುತ್ತಿಲ್ಲ. ಈಗ ಇರುವ ಯೋಜನೆಗಳಲ್ಲಿ ಏನಿದೆ ಅಂತ ತಿಳಿದವರು ಹೇಳಿ.


ಹಳೇಕಡತ ಉತ್ತರಿಸಿದ್ದು:

ತಂಗೀ, ನಾನು 31 ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ತಿರುವಿದವನು. ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ.

ನಿಮ್ಮ ತಾಯಿಗೆ ಸಂಧ್ಯಾ ಸುರಕ್ಷಾ 1,200 ಬರುತ್ತಿರಬೇಕು. ಹಳ್ಳಿ ಮನೆಯ ರೇಷನ್ ಕಾರ್ಡಿನಲ್ಲಿ ಅವರೇ ಯಜಮಾನಿ ಆಗಿದ್ದರೆ ಗೃಹಲಕ್ಷ್ಮಿ 2,000 ಕೂಡ. ಕಾರ್ಡು ನಿಮ್ಮ ಮನೆಗೆ ಸೇರಿಸಲು ಹೋಗಬೇಡಿ, ಇದ್ದದ್ದೂ ಹೋದೀತು. ಕೇಂದ್ರದ ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಯಲ್ಲಿ ಕೇಂದ್ರದ ಪಾಲು ಎಷ್ಟು ಗೊತ್ತಾ? 79ರ ತನಕ 200, 80 ಆದ ಮೇಲೆ 500. ಆ 200 ಅನ್ನುವುದು 2007ರಲ್ಲೂ 200, ಈಗಲೂ 200. ಮಿಕ್ಕಿದ್ದನ್ನು ರಾಜ್ಯ ಹಾಕಿ ಕೊಡುತ್ತದೆ.

ಇನ್ನು ಆಶ್ರಮದ ವಿಷಯ. 2007ರಲ್ಲಿ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ, ಸಂರಕ್ಷಣೆ ಕಾಯ್ದೆ ಬಂತು. ಅದರ 19ನೇ ಪ್ರಕರಣ ಓದಿ. ಜಿಲ್ಲೆಗೆ ಕನಿಷ್ಠ ಒಂದು ವೃದ್ಧಾಶ್ರಮ, ಒಂದೊಂದರಲ್ಲಿ ಕನಿಷ್ಠ 150 ಜನ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಅಲ್ಲಿ ಇರುವುದು 'ಸ್ಥಾಪಿಸಬಹುದು'. 'ಸ್ಥಾಪಿಸತಕ್ಕದ್ದು' ಅಲ್ಲ. ನನ್ನ ಸರ್ವೀಸಿನಲ್ಲಿ ನಾನು ಕಲಿತ ಒಂದೇ ವಿದ್ಯೆ ಇದು. 'ತಕ್ಕದ್ದು' ಅಂತ ಇದ್ದರೆ ಕಡತ ಓಡುತ್ತದೆ, 'ಬಹುದು' ಅಂತ ಇದ್ದರೆ ಬೀರುವಿನಲ್ಲಿ ಮಲಗುತ್ತದೆ. ಅದೂ ನಿರ್ಗತಿಕರಿಗೆ ಮಾತ್ರ. ಸಂಬಳದ ಮಗಳು ಇರುವವರು ಆ ಲೆಕ್ಕಕ್ಕೆ ಬರುವುದಿಲ್ಲ.

ಕೇಂದ್ರದ ಅಟಲ್ ವಯೋ ಅಭ್ಯುದಯ ಯೋಜನೆಯಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಇದೆ. ನಿರ್ಗತಿಕ ಹಿರಿಯರಿಗೆ 25 ಜನರ ಆಶ್ರಮ, ಮಹಿಳೆಯರಿಗೇ ಆದರೆ 50 ಜನರದ್ದು. ಮರೆವಿನ ಕಾಯಿಲೆಯಂಥವು ಇದ್ದು ಸದಾ ಆರೈಕೆ ಬೇಕಾದವರಿಗೆ 20 ಜನರ ಮನೆ ಅಂತ ಬೇರೆ ಇದೆ. ನೋಡಿ, ಸದಾ ಆರೈಕೆ ಅನ್ನುವ ಮಾತು ಬರುವುದು ಆ ಮೂರನೆಯದರಲ್ಲಿ. ಉಳಿದದ್ದು ಊಟ, ವಸತಿ, ಸಾಮಾನ್ಯ ಆರೈಕೆ.

ಮೇಲೆ ಹೇಳಿದ 2007ರ ಕಾಯ್ದೆಯ ಪ್ರಕಾರ ಉಪವಿಭಾಗಾಧಿಕಾರಿ ಹತ್ತಿರ ದೂರು ಕೊಟ್ಟು ಮಕ್ಕಳಿಂದ ತಿಂಗಳಿಗೆ 10,000ದ ತನಕ ಜೀವನಾಂಶ ಪಡೆಯಬಹುದು. ನಿಮ್ಮ ವಿಷಯದಲ್ಲಿ ಕೇಸು ಹಾಕಬೇಕಾದ್ದು ನಿಮ್ಮ ಮೇಲೇ, ಹಾಗಾಗಿ ಅದನ್ನು ಬಿಡಿ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ರಾಷ್ಟ್ರೀಯ ವಯೋಶ್ರೀ ಶಿಬಿರ ನಿಮ್ಮ ಕಡೆ ಯಾವಾಗ ಅಂತ ಕೇಳಿ. ಬಿಪಿಎಲ್ ಹಿರಿಯರಿಗೆ ಗಾಲಿಕುರ್ಚಿ, ವಾಕರ್, ಶ್ರವಣ ಸಾಧನ ಉಚಿತ. ಕಮೋಡ್ ಇರುವ ಗಾಲಿಕುರ್ಚಿ ಇದೆಯಾ ಅಂತ ಬಾಯಿ ಬಿಟ್ಟು ಕೇಳಿ, ಕೇಳದೆ ಕೊಡುವುದಿಲ್ಲ.


ಮಣ್ಣಿನಮಗ ಉತ್ತರಿಸಿದ್ದು:

ತಪ್ಪು ತಿಳಿಯಬೇಡಿ ಮೇಡಂ. ಹೆತ್ತ ತಾಯಿಯನ್ನು ನೋಡಿಕೊಳ್ಳುವುದಕ್ಕೂ ಸರ್ಕಾರ ದುಡ್ಡು ಕೊಡಬೇಕಾ? ನಮ್ಮಜ್ಜಿ ಏಳು ವರ್ಷ ಹಾಸಿಗೆಯಲ್ಲಿದ್ದರು. ಯಾರನ್ನೂ ಒಂದು ರೂಪಾಯಿ ಕೇಳಲಿಲ್ಲ ನಾವು. ಈಗ ಎಲ್ಲದಕ್ಕೂ ಸರ್ಕಾರ. ನಾಳೆ ತಲೆ ಬಾಚುವುದಕ್ಕೂ ಯೋಜನೆ ಕೇಳುತ್ತೀರ.


ಕೊಬ್ಬರಿಸಂತೆ ಉತ್ತರಿಸಿದ್ದು:

ಹಳೇಕಡತ ಸರ್, ತುಂಬಾ ಉಪಕಾರ ಆಯಿತು. 'ಬಹುದು', 'ತಕ್ಕದ್ದು' ಮಾತು ಕೇಳಿ ಯಜಮಾನರು ಬಿದ್ದು ಬಿದ್ದು ನಕ್ಕರು.

ಮಣ್ಣಿನಮಗ ಅವರೇ, ಸಿಟ್ಟಿಲ್ಲ. ಒಂದು ಪ್ರಶ್ನೆ ಅಷ್ಟೇ. ಆ ಏಳು ವರ್ಷ ಅಜ್ಜಿಯ ಬಟ್ಟೆ ಬದಲಾಯಿಸಿದ್ದು ಯಾರು? ನೀವಾ? ನಮ್ಮ ಅಜ್ಜಿಯೂ ಹಾಸಿಗೆ ಹಿಡಿದಿದ್ದರು. ಆಗ ಮನೆಯಲ್ಲಿ ಐದು ಜನ ಹೆಂಗಸರು. ನಮ್ಮಮ್ಮ, ಇಬ್ಬರು ಚಿಕ್ಕಮ್ಮ, ಮದುವೆಯಾಗದ ಅತ್ತೆ, ಆಮೇಲೆ ನಾನು. ಒಬ್ಬಳು ಎತ್ತಿದರೆ ಇನ್ನೊಬ್ಬಳು ಸೀರೆ ಎಳೆಯುತ್ತಿದ್ದಳು. ಈಗ ಮನೆಯಲ್ಲಿ ಹೆಂಗಸು ಅಂದರೆ ನಾನೊಬ್ಬಳೇ, ನಾನು ಒಂಬತ್ತೂವರೆಗೆ ಸಂಘದ ಬೀಗ ತೆಗೆಯಬೇಕು. ಕೆಲಸ ಬಿಡು ಅನ್ನುತ್ತೀರ ಅಲ್ವಾ? ಬಿಟ್ಟರೆ ಮಗನ ಫೀಸು ನಿಲ್ಲುತ್ತದೆ. ನನಗೆ 78 ಆದಾಗ ನನ್ನ ಕೈಯಲ್ಲಿ ಏನೂ ಇರುವುದಿಲ್ಲ.

ಇನ್ನೊಂದು ಮಾತು. 1975ರಲ್ಲಿ ಅಂಗನವಾಡಿ ಶುರುವಾದಾಗ ದೇಶದಲ್ಲಿ ಮೊದಲು ಆರಿಸಿದ 33 ಕಡೆಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಹೆತ್ತ ಮಕ್ಕಳಿಗೆ ಊಟ ಹಾಕುವುದಕ್ಕೂ ಸರ್ಕಾರವಾ ಅಂತ ಆಗಲೂ ಯಾರೋ ಕೇಳಿರಬೇಕು. ಇವತ್ತು ಯಾರೂ ಕೇಳುವುದಿಲ್ಲ.

ತಲೆ ಬಾಚುವ ವಿಷಯ ಹೇಳಿದಿರಿ. ನಿಜವಾಗಿಯೂ ಅದೂ ಒಂದು ಕೆಲಸವೇ. ಅಮ್ಮನಿಗೆ ಬಲಗೈ ಮೇಲೆತ್ತಲು ಆಗುವುದಿಲ್ಲ.


ಎರಡುಗಂಟೆಗೊಮ್ಮೆ ಉತ್ತರಿಸಿದ್ದು:

ಅಕ್ಕ, ನಾನು ಹೋಮ್ ನರ್ಸ್. ಹಾಗಂತ ಕರೆಯುತ್ತಾರೆ, ನರ್ಸಿಂಗ್ ಓದಿಲ್ಲ. ಊರು ಅರಕಲಗೂಡು ಕಡೆ, ಕೆಲಸ ಬೆಂಗಳೂರಲ್ಲಿ. ಏಳು ವರ್ಷದಲ್ಲಿ ಒಂಬತ್ತು ಮನೆ ನೋಡಿದ್ದೇನೆ.

ಮೊದಲು ನಿಮಗೆ ಬೇಕಾದ್ದು ಹೇಳುತ್ತೇನೆ. ಅಮ್ಮನ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಅವರ ಭುಜವೂ ಹೋಗುತ್ತದೆ, ನಿಮ್ಮ ಬೆನ್ನೂ ಹೋಗುತ್ತದೆ. ಹಳೇ ಕಾಟನ್ ಸೀರೆ ನಾಲ್ಕು ಮಡಿಕೆ ಮಾಡಿ ಬೆನ್ನಿನಿಂದ ತೊಡೆ ತನಕ ಬರುವ ಹಾಗೆ ಅಡಿಗೆ ಹಾಸಿ. ಮೇಲಕ್ಕೆ ಸರಿಸಬೇಕಾದರೆ ಇಬ್ಬರು ಆ ಸೀರೆ ಹಿಡಿದು ಎಳೆದರೆ ಸಾಕು, ಚರ್ಮ ಉಜ್ಜುವುದಿಲ್ಲ. ಏಳಿಸುವಾಗ ಮೊದಲು ಪಕ್ಕಕ್ಕೆ ತಿರುಗಿಸಿ, ಕಾಲು ಕೆಳಗೆ ಇಳಿಬಿಡಿ. ಕಾಲಿನ ಭಾರಕ್ಕೆ ಮೈ ತಾನೇ ಮೇಲೆ ಬರುತ್ತದೆ. ಆಪರೇಷನ್ ಆದ ಕಾಲು ಹೇಗೆ ಇಡಬೇಕು ಅಂತ ಮಾತ್ರ ಡಾಕ್ಟರನ್ನೇ ಕೇಳಿ. ಎದ್ದು ಓಡಾಡಲು ಆಗದೆ ಮಲಗೇ ಇದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟದ ಕೆಳಗೆ, ಹಿಮ್ಮಡಿ ಹತ್ತಿರ ಕೆಂಪಗಾಗಿದೆಯಾ ದಿನಾ ನೋಡಿ. ಒತ್ತಿದಾಗಲೂ ಆ ಕೆಂಪು ಹೋಗದಿದ್ದರೆ ಹುಣ್ಣು ಶುರು ಅಂತ ಲೆಕ್ಕ.

ನೀರು ಕುಡಿಸಿ ಅಕ್ಕ. ನಾನು ಹೋದ ಎಲ್ಲ ಮನೆಯಲ್ಲೂ ಅಜ್ಜಿಯರು ಇದನ್ನೇ ಮಾಡುವುದು. ಅಜ್ಜಂದಿರು ಬಾಟಲಿಯಲ್ಲಿ ಹುಯ್ದುಕೊಳ್ಳುತ್ತಾರೆ, ಅವರಿಗೆ ಚಿಂತೆ ಇಲ್ಲ.

ದುಡ್ಡಿನ ವಿಷಯ. ನನ್ನ ಏಜೆನ್ಸಿ ಮನೆಯವರಿಂದ 26,000 ತೆಗೆದುಕೊಂಡು ನನಗೆ 16,000 ಕೊಡುತ್ತದೆ. ಇಪ್ಪತ್ನಾಲ್ಕು ಗಂಟೆ. ತಿಂಗಳಿಗೆ ಎರಡು ರಜೆ. ನನ್ನ ಅಮ್ಮ ಊರಲ್ಲಿ ತಮ್ಮನ ಮನೆಯಲ್ಲಿದ್ದಾಳೆ, ಅವಳನ್ನು ನೋಡಿಕೊಳ್ಳುವುದು ಯಾರು ಅಂತ ಯಾರೂ ಕೇಳಿಲ್ಲ. ಆಶಾ ಕಾರ್ಯಕರ್ತೆಯರ ಥರ ನಮಗೂ ಟ್ರೈನಿಂಗ್, ಒಂದು ಕಾರ್ಡು, ತಾಲ್ಲೂಕಿನಲ್ಲೇ ಕೆಲಸ ಅಂತ ಆದರೆ ನಾಳೆಯೇ ಬಸ್ಸು ಹತ್ತುತ್ತೇನೆ. ನಿಮ್ಮ ಮನವಿಯಲ್ಲಿ ನಮ್ಮದನ್ನೂ ಒಂದು ಸಾಲು ಬರೆಯಿರಿ.


ಗಡಿನಾಡಿಗ ಉತ್ತರಿಸಿದ್ದು:

ನಾನು ಮಂಜೇಶ್ವರದ ಹತ್ತಿರದವ. ಮಾತು ಕನ್ನಡ, ಪಂಚಾಯತು ಕೇರಳದ್ದು. ಹಾಗಾಗಿ ಎರಡೂ ಬದಿ ನೋಡಿದ್ದೇನೆ.

ನನ್ನ ಅಪ್ಪನಿಗೆ ಪಾರ್ಶ್ವವಾಯು ಆಗಿ ನಾಲ್ಕು ವರ್ಷ ಮಲಗಿದ್ದರು. ತಿಂಗಳಿಗೆ ಒಮ್ಮೆ ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ (ಹಾಸಿಗೆ ಹಿಡಿದವರನ್ನು ನೋಡುವ ನರ್ಸ್) ಜೀಪಿನಲ್ಲಿ ಮನೆಗೆ ಬರುತ್ತಿದ್ದರು. ಜೊತೆಗೆ ಆಶಾ, ಕೆಲವೊಮ್ಮೆ ವಾರ್ಡ್ ಮೆಂಬರ್. ಮೂತ್ರದ ಟ್ಯೂಬು ಬದಲಿಸುವುದು, ಹುಣ್ಣು ತೊಳೆಯುವುದು, ಬಿಪಿ ನೋಡುವುದು. ನಮ್ಮಿಂದ ಒಂದು ಪೈಸೆ ಇಲ್ಲ. ಸಿಸ್ಟರ್ ಬರುವ ದಿನ ಅಪ್ಪ ಬೆಳಿಗ್ಗೆಯೇ ಗಡ್ಡ ಮಾಡಿಸಿಕೊಳ್ಳುತ್ತಿದ್ದರು ಮಾರಾಯ್ರೆ!

ಅದು ಒಂದೇ ದಿನದಲ್ಲಿ ಆದದ್ದಲ್ಲ. ಮೊದಲು ಮಲಪ್ಪುರಂ, ಕೋಯಿಕ್ಕೋಡ್ ಕಡೆ ಊರಿನವರೇ ಸೇರಿ ಮನೆ ಮನೆಗೆ ಹೋಗಿ ಶುರು ಮಾಡಿದರು. 2008ರಲ್ಲಿ ಸರ್ಕಾರ ಅದನ್ನು ನೀತಿ ಮಾಡಿತು, ಪಂಚಾಯತುಗಳು ತಮ್ಮ ಯೋಜನೆಯ ಹಣದಲ್ಲಿ ನರ್ಸ್ ಇಟ್ಟುಕೊಳ್ಳುವ ಹಾಗಾಯಿತು. ಮಲಗಿದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಅಂತ ತಿಂಗಳಿಗೆ 600 ರೂಪಾಯಿಯೂ ಇದೆ. ಅದು ರೋಗಿಗೆ ಅಲ್ಲ, ನೋಡಿಕೊಳ್ಳುವವರಿಗೆ. 600ಕ್ಕೆ ಏನು ಬರುತ್ತದೆ, ಡಯಾಪರು ಹತ್ತು ದಿನಕ್ಕೂ ಸಾಲದು. ಆದರೆ ನನ್ನ ಅಮ್ಮನ ಹೆಸರಿಗೆ, ಅವಳು ಮಾಡಿದ ಆ ಕೆಲಸಕ್ಕೆ ಅಂತ ಸರ್ಕಾರದಿಂದ ಬಂದ ಮೊದಲ ದುಡ್ಡು ಅದು.

ಒಂದು ಕೊರತೆ ಹೇಳಲೇಬೇಕು. ಸಿಸ್ಟರ್ ಬರುವುದು ತಿಂಗಳಿಗೊಮ್ಮೆ. ದಿನಾ ಮೂರು ಸಲ ಎತ್ತಿ ಕೂರಿಸುವವರು ಅಲ್ಲಿಯೂ ಮನೆಯವರೇ. ನಿಮಗೆ ಬೇಕಾದ್ದು ಅದು ಅಂತ ಕಾಣುತ್ತದೆ.


ಸ್ಟುಟ್‌ಗಾರ್ಟ್ ಚಳಿ ಉತ್ತರಿಸಿದ್ದು:

ನಾನು ದಾವಣಗೆರೆಯವನು, ಜರ್ಮನಿಯಲ್ಲಿದ್ದೇನೆ. ಇಲ್ಲಿಯ ಲೆಕ್ಕ ಹೇಳುತ್ತೇನೆ, ಹೊಗಳಲು ಅಲ್ಲ.

1995ರಿಂದ ಇಲ್ಲಿ ಆರೈಕೆ ವಿಮೆ ಕಡ್ಡಾಯ. ಆರೋಗ್ಯ ವಿಮೆ ಬೇರೆ, ಇದು ಬೇರೆ. 2025ರಿಂದ ಸಂಬಳದ 3.6 ಶೇಕಡಾ, ಅರ್ಧ ನಾನು, ಅರ್ಧ ಕಂಪನಿ. ನನಗೆ ಮಕ್ಕಳಿಲ್ಲ, ಅದಕ್ಕೆ ಇನ್ನೂ 0.6 ಜಾಸ್ತಿ ನನ್ನಿಂದಲೇ. ಅಮ್ಮನಿಗೆ ಇದನ್ನು ಹೇಳಿದಾಗ 'ನೋಡು, ಸರ್ಕಾರವೂ ಕೇಳುತ್ತಿದೆ' ಅಂದರು.

ದುಡ್ಡು ಸಿಗುವುದು ಬಡತನ ನೋಡಿ ಅಲ್ಲ, ಎಷ್ಟು ಕೈಲಾಗುವುದಿಲ್ಲ ಅಂತ ನೋಡಿ. ಒಬ್ಬರು ಮನೆಗೆ ಬಂದು ನಡೆಯಲು ಆಗುತ್ತದಾ, ಬಟ್ಟೆ ಹಾಕಿಕೊಳ್ಳಲು ಆಗುತ್ತದಾ, ದಿನ ವಾರ ನೆನಪಿದೆಯಾ ಎಲ್ಲ ನೋಡಿ ಐದು ದರ್ಜೆಯಲ್ಲಿ ಒಂದು ಕೊಡುತ್ತಾರೆ. ನಮ್ಮ ಕೆಳಗಿನ ಮನೆಯ ಅಜ್ಜಿಗೆ 86. ಅವರು ಬರುವ ದಿನ ಅಜ್ಜಿ ಮುತ್ತಿನ ಸರ ಹಾಕಿಕೊಂಡು, ಕೇಕ್ ಇಟ್ಟುಕೊಂಡು ಕೂತಿದ್ದರು. ಏನು ಕೇಳಿದರೂ 'ಎಲ್ಲ ನಾನೇ ಮಾಡಿಕೊಳ್ಳುತ್ತೇನೆ' ಅಂದರಂತೆ. ದರ್ಜೆ ಕಡಿಮೆ ಬಂತು. ಮಗಳು ತಲೆ ತಲೆ ಚಚ್ಚಿಕೊಂಡಳು. ನಮ್ಮೂರ ಅಜ್ಜಿಯರೂ ಇದನ್ನೇ ಮಾಡುವುದು ಅನ್ನಿಸಿತು.

ಮನೆಯವರೇ ನೋಡಿಕೊಂಡರೆ ಕೈಗೆ ನಗದು ಕೊಡುತ್ತಾರೆ. ಎರಡನೇ ದರ್ಜೆಗೆ ತಿಂಗಳಿಗೆ 347 ಯೂರೋ, ಐದನೆಯದಕ್ಕೆ 990. ಆದರೆ ಆರೈಕೆ ಮನೆಗೆ ಸೇರಿಸಿದರೆ ವಿಮೆ ಸಾಲದು, ಕೈಯಿಂದ ತಿಂಗಳಿಗೆ 2,000 ಯೂರೋ ಆರಾಮಾಗಿ ದಾಟುತ್ತದೆ. ಅದು ಇಲ್ಲಿಯ ದೊಡ್ಡ ಜಗಳ. ಕಟ್ಟಲು ಆಗದವರಿಗೆ ಸಮಾಜ ಕಲ್ಯಾಣ ಕಚೇರಿ ಕಟ್ಟುತ್ತದೆ. ಆಮೇಲೆ ಮಕ್ಕಳ ಹತ್ತಿರ ವಸೂಲಿ ಮಾಡಬಹುದಿತ್ತು. 2020ರಿಂದ ವರ್ಷಕ್ಕೆ ಒಂದು ಲಕ್ಷ ಯೂರೋಗಿಂತ ಜಾಸ್ತಿ ದುಡಿಯುವ ಮಕ್ಕಳನ್ನು ಮಾತ್ರ ಕೇಳುತ್ತಾರೆ. ಮಣ್ಣಿನಮಗ ಅವರೇ, ಮಕ್ಕಳ ಹೊಣೆ ಇಲ್ಲಿಯೂ ಇದೆ. ಎಷ್ಟು ಸಂಪಾದಿಸುವ ಮಕ್ಕಳು ಅನ್ನುವುದಕ್ಕೆ ಒಂದು ಗೆರೆ ಹಾಕಿದ್ದಾರೆ ಅಷ್ಟೇ.

ನಮ್ಮಲ್ಲಿ ಸಂಬಳದ ಚೀಟಿಯೇ ಇಲ್ಲದವರು ಹೆಚ್ಚು, ವಿಮೆ ಕಡಿತ ಅಲ್ಲಿ ನಡೆಯುವುದು ಕಷ್ಟ. ಆದರೆ 'ನಿರ್ಗತಿಕರಾ' ಅಂತ ಕೇಳುವ ಬದಲು 'ಎದ್ದು ನಿಲ್ಲುತ್ತಾರಾ' ಅಂತ ಕೇಳುವುದಕ್ಕೆ ವಿಮೆ ಬೇಕಿಲ್ಲವಲ್ಲ.


ಕೊಬ್ಬರಿಸಂತೆ ಉತ್ತರಿಸಿದ್ದು:

ಎಲ್ಲರ ಉತ್ತರ ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ಮುತ್ತಿನ ಸರದ ಅಜ್ಜಿ ಕಥೆ ಕೇಳಿ 'ಒಳ್ಳೇ ಕೆಲಸ ಮಾಡಿದಳು' ಅಂದಳು. ಸೀರೆ ಮಡಿಕೆ ಹಾಸಿದ್ದೇವೆ, ಬೆನ್ನು ನೋವು ಅರ್ಧ ಕಡಿಮೆ. ನೀರಿಗೆ ಒಂದು ಉಪಾಯ ಮಾಡಿದೆ. ಎದುರು ಮನೆಯ ಹುಡುಗಿ ಕಾಲೇಜು ಮುಗಿಸಿ ಮೂರಕ್ಕೆ ಬರುತ್ತಾಳೆ, ಅವಳು ಒಮ್ಮೆ ಬಚ್ಚಲಿಗೆ ಕರೆದುಕೊಂಡು ಹೋಗುತ್ತಾಳೆ. ಈಗ ಚೊಂಬು ಅರ್ಧ ಖಾಲಿ. ಅವಳಿಗೆ ಪರೀಕ್ಷೆ ಬಂದರೆ ಮತ್ತೆ ಕಷ್ಟ.

ಕೂತು ಲೆಕ್ಕ ಹಾಕಿದೆ, ಅದೊಂದು ನನಗೆ ಬರುತ್ತದೆ. ನಮ್ಮ ಬೀದಿಯ ಮೂರೂ ಮನೆಗೆ ಪೂರ್ತಿ ದಿನ ಬೇಡ. ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಒಂದು ಗಂಟೆ ಸಾಕು. ತರಬೇತಿ ಆದ ಒಬ್ಬಳು ಮೂರು ಮನೆ ನೋಡಬಹುದು. ಅವಳಿಗೆ 18,000 ಕೊಟ್ಟರೆ ಮನೆಗೆ 6,000 ಬಿತ್ತು. ಅದರಲ್ಲಿ 2,000 ನಾವು ಹಾಕುತ್ತೇವೆ, ಕೈ ಚಾಚಿ ಕೂರುವವರಲ್ಲ. ಉಳಿದ 4,000 ಸರ್ಕಾರದ್ದು. ಆಶ್ರಮ ಕಟ್ಟಿದರೆ ಜಾಗ ಬೇಕು, ಟೆಂಡರ್ ಬೇಕು, ಉದ್ಘಾಟನೆಗೆ ಮಂತ್ರಿ ಬರಬೇಕು. ಕಡೆಗೆ ಅಲ್ಲಿಯೂ 'ಬಾಗಿಲ ತನಕ ಹೋಗಿ ಬನ್ನಿ' ಅನ್ನುತ್ತಾರೆ.

ಹೀಗೆ ಬರೆದಿದ್ದೇನೆ, ತಿದ್ದಿ:

'ಮಾನ್ಯರೇ, ನಾವು ಕಟ್ಟಡ ಕೇಳುತ್ತಿಲ್ಲ. ಮನೆಯಲ್ಲಿ ಎದ್ದು ನಿಲ್ಲಲಾಗದ ಹಿರಿಯರಿಗೆ ದಿನಕ್ಕೆ ಮೂರು ಗಂಟೆ ಆರೈಕೆಯವರನ್ನು ನಗರಸಭೆ, ಗ್ರಾಮ ಪಂಚಾಯಿತಿ ಮೂಲಕ ಒದಗಿಸತಕ್ಕದ್ದು. ನಿರ್ಗತಿಕರೇ ಎಂದು ಮಾತ್ರ ನೋಡದೆ, ಎಷ್ಟು ನೆರವು ಬೇಕು ಎಂದು ಮನೆಗೆ ಬಂದು ನೋಡತಕ್ಕದ್ದು. ಆರೈಕೆಯವರಿಗೆ ತರಬೇತಿ, ಗುರುತಿನ ಚೀಟಿ, ನೇರ ಸಂಬಳ ಕೊಡತಕ್ಕದ್ದು. ಈಗ ಅನುದಾನ ಪಡೆಯುವ ಆಶ್ರಮಗಳು ಹಾಸಿಗೆ ಹಿಡಿದವರಿಗಾಗಿ ಕೆಲವು ಮಂಚಗಳನ್ನು ಮೀಸಲಿಡತಕ್ಕದ್ದು, ಅದಕ್ಕೆ ಬೇರೆ ಅನುದಾನ ಕೊಡತಕ್ಕದ್ದು.'

'ತಕ್ಕದ್ದು' ಜಾಸ್ತಿ ಆಯಿತಾ?


ಹಳೇಕಡತ ಉತ್ತರಿಸಿದ್ದು:

ಮನವಿಯಲ್ಲಿ 'ತಕ್ಕದ್ದು' ಬರೆಯುವ ಹಾಗಿಲ್ಲ ತಂಗಿ, ಅದು ಆಳುವವರ ಮಾತು. 'ಎಂದು ಕೋರುತ್ತೇವೆ' ಅಂತ ಹಾಕಿ. ಉಳಿದದ್ದು ಒಂದು ಅಕ್ಷರ ತಿದ್ದಬೇಡಿ. ಮೂರು ಮನೆಯ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗೆ ಪಿನ್ ಮಾಡಿ, ಶಾಸಕರಿಗಿಂತ ಅವರ ಆಪ್ತ ಸಹಾಯಕರು ಅದನ್ನು ಓದುತ್ತಾರೆ.

ಇನ್ನೊಂದು ಸಾಲು ಸೇರಿಸಿ. ಅಂಗವಿಕಲರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಆಗಲೇ ಇದ್ದಾರೆ, ಗೌರವಧನದ ಮೇಲೆ. ಮನೆಗೆ ಬಂದು ನೋಡುವ ಕೆಲಸ ಅವರಿಂದ ಶುರು ಮಾಡಬಹುದು ಅಂತ ಬರೆಯಿರಿ. ಹೊಸ ಹುದ್ದೆ ಅಂದರೆ ಹಣಕಾಸು ಇಲಾಖೆ ಕಣ್ಣು ಕೆಂಪು ಮಾಡುತ್ತದೆ. ಇರುವವರಿಗೆ ಕೆಲಸ ಹೆಚ್ಚಿಸಿ ಗೌರವಧನವನ್ನೂ ಹೆಚ್ಚಿಸಿ ಅಂದರೆ ಕಡತ ಸ್ವಲ್ಪ ಅಲ್ಲಾಡುತ್ತದೆ.

ಒಂದು ಪ್ರತಿ ಜಿಲ್ಲಾ ಅಂಗವಿಕಲರ ಮತ್ತು ಹಿರಿಯ ನಾಗರಿಕರ ಕಲ್ಯಾಣಾಧಿಕಾರಿಗೆ, ಒಂದು ತಹಶೀಲ್ದಾರರಿಗೆ. ನಿಮ್ಮ ಹತ್ತಿರ ಉಳಿಯುವ ಪ್ರತಿಯ ಮೇಲೆ ಸೀಲು, ತಾರೀಖು, ಟಪಾಲು ನಂಬರು ಹಾಕಿಸಿಕೊಳ್ಳದೆ ಬಾಗಿಲು ದಾಟಬೇಡಿ. 'ಆಮೇಲೆ ಬನ್ನಿ' ಅಂದರೆ ಅಲ್ಲೇ ಬೆಂಚಿನ ಮೇಲೆ ಕೂರಿ. ಸೋಮವಾರ ಬೇಡ, ಮೀಟಿಂಗ್ ಇರುತ್ತದೆ. ಮಂಗಳವಾರ ಹನ್ನೊಂದರ ಮೇಲೆ ಹೋಗಿ.